ಭಾಷೆ ನಿರ್ಧಾರವಾಗದ ನಾಲ್ಕುನೂರ ಹನ್ನೆರಡು ಪುಸ್ತಕಗಳು

ಪುಸ್ತಕಗಳು ಸಿಕ್ಕವು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಂಗತಿಯನ್ನು ಬಾಯಿಬಿಟ್ಟು ಹೇಳುವಾಗಲೆಲ್ಲ ನಡುವೆ ಎಲ್ಲೋ ನನ್ನ ಧ್ವನಿ ನಡುಗುತ್ತದೆ, ಕೇಳುವವರು ಕೆಟ್ಟದ್ದನ್ನೇ ಊಹಿಸಿಕೊಂಡುಬಿಡುತ್ತಾರೆ. ಬರೆಯುವಾಗ ಆ ತೊಂದರೆ ಇಲ್ಲ. ಆದರೂ ಮೊದಲಿಗೇ ಇರಲಿ.

ನಾನು ಧಾರವಾಡದವಳು. ಪುಣೆಯ ಒಂದು ಹಳೆಯ ಕಾಲೇಜಿನ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕ್ಯಾಟಲಾಗ್ ಮಾಡುವ ಕೆಲಸದಲ್ಲಿದ್ದೇನೆ. ಹೊಸ ಪುಸ್ತಕ ಬಂದರೆ ಅದು ಕಪಾಟಿಗೆ ಹೋಗುವ ಮೊದಲು ನನ್ನ ಮೇಜಿಗೆ ಬರುತ್ತದೆ. ಬರೆದವರ ಹೆಸರು, ಪುಸ್ತಕದ ಹೆಸರು, ಪುಟಗಳೆಷ್ಟು, ಎತ್ತರ ಎಷ್ಟು ಸೆಂಟಿಮೀಟರ್, ಯಾವ ವಿಷಯ, ಎಲ್ಲವನ್ನೂ ನೋಡಿ ಕಂಪ್ಯೂಟರಿಗೆ ತುಂಬುತ್ತೇನೆ. ಅದರ ಜೊತೆ ಭಾಷೆಯನ್ನು ಮೂರು ಅಕ್ಷರಗಳಲ್ಲಿ ಬರೆಯಬೇಕು. ಪೂರ್ತಿ ಹೆಸರು ಬರೆಯುವ ಹಾಗಿಲ್ಲ. ಪ್ರಪಂಚದ ಎಲ್ಲ ಗ್ರಂಥಾಲಯಗಳೂ ಒಂದೇ ಪಟ್ಟಿಯಿಂದ ಈ ಮೂರಕ್ಷರದ ಸಂಕೇತಗಳನ್ನು ತೆಗೆದುಕೊಳ್ಳುತ್ತವೆ. ಆದ್ದರಿಂದಲೇ ಇಲ್ಲಿಯ ದಾಖಲೆಯನ್ನು ಬೇರೆ ದೇಶದ ಗ್ರಂಥಾಲಯವೂ ಓದಬಲ್ಲದು. ಕನ್ನಡಕ್ಕೆ ಕೆ-ಎ-ಎನ್, ಮರಾಠಿಗೆ ಎಂ-ಎ-ಆರ್. ಕೈ ತಾನಾಗಿಯೇ ಬರೆಯುತ್ತದೆ.

ಆದರೆ ಫ್ರೆಂಚಿಗೆ ಇಂಥ ಸಂಕೇತ ಒಂದಲ್ಲ, ಎರಡು. ಎಫ್-ಆರ್-ಇ ಎನ್ನುವುದು ಇಂಗ್ಲಿಷಿನವರು ಆ ಭಾಷೆಯನ್ನು ಕರೆಯುವ ಹೆಸರಿನಿಂದ ಬಂದದ್ದು. ಎಫ್-ಆರ್-ಎ ಎನ್ನುವುದು ಆ ಜನ ತಮ್ಮ ಭಾಷೆಯನ್ನು ತಾವೇ ಕರೆದುಕೊಳ್ಳುವ ಹೆಸರಿನಿಂದ ಬಂದದ್ದು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಎರಡೂ ಇವೆ, ಎರಡೂ ಸರಿ. ಗ್ರಂಥಾಲಯಗಳಲ್ಲಿ ಮೊದಲನೆಯದು ರೂಢಿ, ಏಕೆಂದರೆ ಅಸಂಖ್ಯ ಹಳೆಯ ದಾಖಲೆಗಳಲ್ಲಿ ಅದು ಆಗಲೇ ಕೂತುಬಿಟ್ಟಿತ್ತು. ಎರಡನೆಯದನ್ನು ಉಳಿದವರು ಬಳಸುತ್ತಾರೆ. ಜರ್ಮನ್, ಚೀನಿಯಂಥ ಇನ್ನು ಕೆಲವೇ ಭಾಷೆಗಳಿಗೂ ಹೀಗೆ ಜೋಡಿ ಸಂಕೇತಗಳಿವೆ. ಯಾವುದನ್ನು ಬಳಸಿದರೂ ತಪ್ಪಲ್ಲ. ಒಂದೇ ಗ್ರಂಥಾಲಯದಲ್ಲಿ ಎರಡನ್ನೂ ಬಳಸುವುದು ತಪ್ಪು. ನಾನು ಮಾಡಿದ್ದು ಅದನ್ನೇ.

ಅದು ಹೇಗಾಯಿತೆಂದು ಹೇಳಬೇಕಾದರೆ ಬಾಯಾರ ಬಗ್ಗೆ ಹೇಳಬೇಕು. ನಮ್ಮ ಕಾಲೇಜಿನಲ್ಲಿ ಮೂವತ್ತು ವರ್ಷ ಫ್ರೆಂಚ್ ಕಲಿಸಿ ನಿವೃತ್ತರಾದವರು. ಬೆಳಗಾವಿಯವರು. ವಿದ್ಯಾರ್ಥಿಗಳಿಗೆಲ್ಲ ಅವರು ಮ್ಯಾಡಮ್, ನನಗೆ ಮಾತ್ರ ನಮ್ಮ ಕಡೆಯ ಮಾತಿನಲ್ಲಿ ಬಾಯಾರು. ಅವರು ನನ್ನನ್ನು ತಂಗಿ ಎನ್ನುತ್ತಾರೆ, ಸಿಟ್ಟು ಬಂದರೆ ‘ಧಾರವಾಡದಾಕಿ’ ಎನ್ನುತ್ತಾರೆ. ಹನ್ನೆರಡು ವರ್ಷದ ಹಿಂದೆ ದೊಡ್ಡ ಮನೆ ಬಿಟ್ಟು ಸಣ್ಣ ಫ್ಲಾಟಿಗೆ ಹೋಗುವಾಗ ತಮ್ಮ ಫ್ರೆಂಚ್ ಪುಸ್ತಕಗಳನ್ನೆಲ್ಲ ಗ್ರಂಥಾಲಯಕ್ಕೆ ಕೊಟ್ಟರು. ನಾಲ್ಕುನೂರ ಹನ್ನೆರಡು ಪುಸ್ತಕಗಳು. ಬೇಕೆಂದಾಗ ಬಂದು ನೋಡಲು ಬಿಡಬೇಕು ಎನ್ನುವುದೊಂದೇ ಅವರ ಷರತ್ತು.

ಷರತ್ತಿಗೆ ಕಾರಣವಿತ್ತು. ಬಾಯಾರು ಫ್ರೆಂಚ್ ಓದುವಾಗ ಕೈಯಲ್ಲಿ ಪೆನ್ಸಿಲ್ ಹಿಡಿದೇ ಓದುತ್ತಿದ್ದರು. ಒಂದು ಶಬ್ದಕ್ಕೆ ಸರಿಯಾದ ಕನ್ನಡ ಶಬ್ದ ಹೊಳೆದರೆ ಅಲ್ಲೇ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿಡುತ್ತಿದ್ದರು. ಇಂಗ್ಲಿಷಿನ ಮೂಲಕ ಸುತ್ತಿಬಂದ ಅರ್ಥ ಅವರಿಗೆ ಬೇಡ. ಬೆಳಗಾವಿಯ ಮನೆಯಲ್ಲಿ, ಸಂತೆಯಲ್ಲಿ, ಹೊಲದಲ್ಲಿ ಕೇಳಿದ ಶಬ್ದವೇ ಬೇಕು. ಹೀಗೆ ನಲವತ್ತು ವರ್ಷದ ಬರಹ ಆ ಅಂಚುಗಳಲ್ಲಿತ್ತು. ಒಂದು ದಿನ ಅದನ್ನೆಲ್ಲ ಚೀಟಿಗಳಿಗೆ ಇಳಿಸಿ ಫ್ರೆಂಚ್-ಕನ್ನಡ ನಿಘಂಟು ಮಾಡಬೇಕೆಂಬುದು ಅವರ ಆಸೆ. ಬೇರೆ ಪ್ರತಿ ಎಲ್ಲಿಯೂ ಇರಲಿಲ್ಲ.

ಆ ಪುಸ್ತಕಗಳು ಬಂದ ತಿಂಗಳಲ್ಲೇ ನಾನು ಒಂದು ತರಬೇತಿಗೆ ಹೋಗಿದ್ದೆ. ಮುಂದೆ ಎಲ್ಲರೂ ಎಫ್-ಆರ್-ಎ ಎಂದೇ ಬರೆಯುತ್ತಾರೆ, ಈಗಲೇ ರೂಢಿ ಮಾಡಿಕೊಳ್ಳುವುದು ಒಳ್ಳೆಯದು ಎಂದು ಅಲ್ಲಿ ಒಬ್ಬರು ಹೇಳಿದರು. ನನಗೆ ಅದು ಸರಿ ಕಂಡಿತು. ಒಂದು ಭಾಷೆಯನ್ನು ಅದರವರೇ ಕರೆಯುವ ಹೆಸರಿನಿಂದ ಬರೆಯುವುದು ಮರ್ಯಾದೆ ಎನಿಸಿತು. ಬಾಯಾರ ಪುಸ್ತಕಗಳಿಗೆಲ್ಲ ಎಫ್-ಆರ್-ಎ ಎಂದು ಹಾಕಿದೆ. ಕಾಲೇಜಿನ ಹಳೆಯ ಫ್ರೆಂಚ್ ಪುಸ್ತಕಗಳು ಎಫ್-ಆರ್-ಇ ಎಂದೇ ಇದ್ದವು. ‘ಹಳೆಯವನ್ನು ಬದಲಿಸಬೇಕು’ ಎಂದು ಡೈರಿಯಲ್ಲಿ ಬರೆದುಕೊಂಡೆ. ಬದಲಿಸಲಿಲ್ಲ. ಆಮೇಲೆ ಕೊಂಡ ಪುಸ್ತಕಗಳಿಗೆ ಮೊದಲಿನ ರೂಢಿಯಂತೆ ಎಫ್-ಆರ್-ಇ ಎಂದೇ ಹಾಕುತ್ತ ಬಂದೆ. ತರಬೇತಿಯ ಬಿಸಿ ಆರಿತ್ತು, ಅಷ್ಟೇ.

ಹನ್ನೆರಡು ವರ್ಷ ಇದರಿಂದ ಯಾರಿಗೂ ಏನೂ ಆಗಲಿಲ್ಲ. ಹಳೆಯ ಸಾಫ್ಟ್‌ವೇರ್ ಎರಡನ್ನೂ ಫ್ರೆಂಚ್ ಎಂದೇ ತಿಳಿಯುತ್ತಿತ್ತು.

ಕಳೆದ ವರ್ಷ ಹೊಸ ಸಾಫ್ಟ್‌ವೇರ್ ಬಂತು. ಹಳೆಯ ದಾಖಲೆಗಳನ್ನು ಹೊಸದಕ್ಕೆ ಸಾಗಿಸುವ ಕೆಲಸವನ್ನು ಪುಣೆಯದೇ ಒಂದು ಕಂಪನಿಗೆ ಕೊಟ್ಟಿದ್ದರು. ಅಲ್ಲಿಂದ ನಮ್ಮ ಕೆಲಸಕ್ಕೆಂದು ಬಂದ ಇಂಜಿನಿಯರ್ ಮೈಸೂರಿನ ಹೆಣ್ಣುಮಗಳು, ಮೂವತ್ತೈದರ ಆಸುಪಾಸು. ಅವಳ ಪಟ್ಟಿಯಲ್ಲಿ ಪ್ರತಿ ಭಾಷೆಗೂ ಒಂದೇ ಸಂಕೇತ, ಗ್ರಂಥಾಲಯಗಳ ರೂಢಿಯದು. ಪಟ್ಟಿಯಲ್ಲಿ ಇಲ್ಲದ ಸಂಕೇತ ಬಂದರೆ ಯಂತ್ರ ಅದನ್ನು ಪಕ್ಕಕ್ಕಿಟ್ಟು, ಏನು ಮಾಡಲಿ ಎಂದು ಕೇಳುತ್ತದೆ. ಅವಳು ನನಗೆ ಇಮೇಲ್ ಕಳಿಸಿದ್ದಳು: ಆರುನೂರ ಮೂವತ್ತೆಂಟು ದಾಖಲೆಗಳ ಭಾಷಾಸಂಕೇತ ಗುರುತಿಗೆ ಸಿಗುತ್ತಿಲ್ಲ, ಏನು ಮಾಡೋಣ?

ನಮ್ಮಲ್ಲಿ ಹಳೆಯ ಕರಪತ್ರಗಳು, ಅರ್ಧ ಹರಿದ ವರದಿಗಳು ಇದ್ದವು. ಅವುಗಳಿಗೆ ಭಾಷೆಯ ಜಾಗ ಖಾಲಿ ಇತ್ತೆಂದು ನನಗೆ ಗೊತ್ತಿತ್ತು. ಅವೇ ಇರಬೇಕು ಎಂದುಕೊಂಡೆ. ಇಮೇಲಿನ ಜೊತೆಗೆ ಬಂದ ಕಡತವನ್ನು ತೆರೆದು ನೋಡಲಿಲ್ಲ. ಎಲ್ಲವನ್ನೂ ‘ಭಾಷೆ ನಿರ್ಧಾರವಾಗಿಲ್ಲ’ ಎನ್ನುವುದಕ್ಕೆ ಹಾಕಿ ಎಂದು ಉತ್ತರಿಸಿದೆ. ಅದಕ್ಕೂ ಪಟ್ಟಿಯಲ್ಲಿ ಒಂದು ಸಂಕೇತವಿದೆ, ಯು-ಎನ್-ಡಿ.

ದೀಪಾವಳಿ ರಜೆಗೆ ಮುಂಚೆ ಜಾಗದ ಸಮಿತಿ ಕೂತಿತು. ಗ್ರಂಥಾಲಯದ ನೆಲಮಾಳಿಗೆಯ, ನಮ್ಮ ಮಾತಿನಲ್ಲಿ ಕೆಳಮನೆಯ, ಕಪಾಟುಗಳು ತುಂಬಿ ಹೋಗಿದ್ದವು. ಹತ್ತು ವರ್ಷ ಯಾರೂ ಎರವಲು ಒಯ್ಯದ, ಭಾಷೆ ನಿರ್ಧಾರವಾಗದ ದಾಖಲೆಗಳನ್ನು ಮೊದಲು ತೆಗೆಯೋಣ ಎಂದು ಠರಾಯಿಸಿದರು. ಬಾಯಾರು ತಮ್ಮ ಪುಸ್ತಕಗಳನ್ನು ಮನೆಗೆ ಒಯ್ಯುತ್ತಿರಲಿಲ್ಲ, ಅಲ್ಲೇ ಕೂತು ನೋಡಿ ಹೋಗುತ್ತಿದ್ದರು. ಹಾಗಾಗಿ ಲೆಕ್ಕಕ್ಕೆ ಅವನ್ನು ಯಾರೂ ಮುಟ್ಟಿರಲಿಲ್ಲ. ತೆಗೆಯುವ ಪಟ್ಟಿ ಬಂತು. ಕಾಗದ ಉಳಿಸಲೆಂದು ಅದರಲ್ಲಿ ಪುಸ್ತಕದ ಹೆಸರು ಇರಲಿಲ್ಲ, ದಾಖಲೆ ಸಂಖ್ಯೆಗಳಷ್ಟೇ. ಕ್ಯಾಟಲಾಗ್ ನೋಡುವವಳು ಪ್ರತಿ ಪುಟಕ್ಕೂ ಸಹಿ ಹಾಕಬೇಕು ಎನ್ನುವುದು ನಮ್ಮಲ್ಲಿಯ ಪದ್ಧತಿ. ಸಹಿ ಹಾಕುವ ಮೊದಲು ಕಪಾಟಿನ ಮುಂದೆ ನಿಂತು ನೋಡಬೇಕು ಎನ್ನುವುದೂ ಪದ್ಧತಿಯೇ. ಮೊದಲನೆಯದನ್ನು ಮಾಡಿದೆ. ಹದಿನಾಲ್ಕು ಪುಟ, ಹದಿನಾಲ್ಕು ಸಹಿ. ರಜೆಯಲ್ಲಿ ಗುತ್ತಿಗೆಯ ಆಳುಗಳು ಬಂದು ಪಟ್ಟಿ ಹಿಡಿದು ಪುಸ್ತಕ ಇಳಿಸಿದರು. ಮೇಲಿನ ಮಹಡಿಯಲ್ಲಿ ಕೂತ ನನಗೆ ಕೈಗಾಡಿಯ ಸಪ್ಪಳ ಕೇಳುತ್ತಿತ್ತು. ಏನೂ ಅನಿಸಲಿಲ್ಲ.

ರಜೆ ಮುಗಿದ ಮೇಲಿನ ಮೊದಲ ಸೋಮವಾರ ಬಾಯಾರ ಫೋನ್ ಬಂತು. ಒಬ್ಬ ಪ್ರಕಾಶಕರು ನಿಘಂಟು ತರಲು ಒಪ್ಪಿದ್ದಾರೆ ಎಂದರು. ಧ್ವನಿ ಹಗುರಾಗಿತ್ತು. ಆಮೇಲೆ ಕಣ್ಣಿನ ಮಾತು ಹೇಳಿದರು. ಅವರ ಒಂದು ಕಣ್ಣು ಮೊದಲೇ ಹೋಗಿತ್ತು. ಇನ್ನೊಂದರಲ್ಲಿ ಪೆನ್ಸಿಲ್ ಅಕ್ಷರ ಓದುವುದು ಹೆಚ್ಚೆಂದರೆ ಒಂದು ವರ್ಷ ಎಂದು ಡಾಕ್ಟರು ಹೇಳಿದ್ದರಂತೆ. ಅದಕ್ಕೇ ಈ ವಾರದಿಂದಲೇ ಬಂದು ಕೂರುತ್ತೇನೆ ಎಂದರು.

“ಆದ್ರ ತಂಗಿ, ನನ್ನ ಪುಸ್ತಕಾ ಒಂದೂ ತೋರಸವಲ್ದು. ಮೊಮ್ಮಗಳ ಕೈಲೆ ಹುಡುಕಿಸಿದೆ. ಫ್ರೆಂಚ್ ಅಂತ ಹಾಕಿದ್ರ ಬರೇ ನಿಮ್ಮ ಕಾಲೇಜಿನ ಪುಸ್ತಕಾ ಬರ್ತಾವ.”

ಫೋನು ಕಿವಿಗಿಟ್ಟುಕೊಂಡೇ ನಾನು ಅವರ ಒಂದು ಪುಸ್ತಕದ ಸಂಖ್ಯೆ ಹಾಕಿದೆ. ಭಾಷೆ: ಯು-ಎನ್-ಡಿ. ಸ್ಥಿತಿ: ತೆಗೆಯಲಾಗಿದೆ. ಇನ್ನೊಂದು ಹಾಕಿದೆ. ಅದೂ ಹಾಗೆಯೇ.

“ಹೊಸಾ ಸಾಫ್ಟ್‌ವೇರ್ ಬಂದದರಿ ಬಾಯಾರ,” ಎಂದೆ. “ಇನ್ನೂ ಹೊಂದಸ್ಲಿಕ್ಕತ್ತೇವಿ. ಗುರುವಾರ ಬರ್ರಿ.”

ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಕೆಳಮನೆಗೆ ಇಳಿದು ಹೋದೆ. ಅವರ ಪುಸ್ತಕಗಳಿದ್ದ ನಾಲ್ಕು ಕಪಾಟು ಖಾಲಿ ಇದ್ದವು. ಯಾರೋ ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿದ್ದರು. ನಾನು ಅಲ್ಲಿ ಎಷ್ಟು ಹೊತ್ತು ನಿಂತಿದ್ದೆ ಎಂದು ಗೊತ್ತಿಲ್ಲ. ಕೈ ಕಪಾಟಿನ ಖಾಲಿ ಹಲಗೆಯ ಮೇಲಿತ್ತು, ತಣ್ಣಗಿತ್ತು, ಅದಷ್ಟೇ ನೆನಪಿದೆ.

ಮೇಲೆ ಬಂದು ಇಂಜಿನಿಯರ್‌ಗೆ ಫೋನ್ ಮಾಡಿದೆ. ನಾನು ಸಿಟ್ಟಿನಿಂದಲೇ ಶುರುಮಾಡಿದೆನೆಂದು ಒಪ್ಪಿಕೊಳ್ಳುತ್ತೇನೆ. ಅವಳು ಕೇಳಿಸಿಕೊಂಡು, ಒಂದು ನಿಮಿಷ ಎಂದು, ಏನನ್ನೋ ಹುಡುಕಿ ತೆಗೆದಳು.

“ಮೇಡಮ್, ನಾನು ಅವತ್ತೇ ಲಿಸ್ಟ್ ಕಳಿಸಿದ್ದೆ. ಅದರಲ್ಲಿ ನಾನೂರಾ ಹನ್ನೆರಡಕ್ಕೂ ಎಫ್-ಆರ್-ಎ ಅಂತಾನೇ ಇದೆ. ನಿಮ್ ರಿಪ್ಲೈ ಓದ್ಲಾ?”

ಬೇಡ ಎಂದೆ. ಅವಳು ಓದಲಿಲ್ಲ. ಆಮೇಲೆ ಅವಳೇ, ನಾನೂ ಒಂದು ಸಲ ಕೇಳಬೇಕಿತ್ತು, ಅಷ್ಟೊಂದು ದಾಖಲೆಗೆ ಒಂದೇ ಸಂಕೇತ ಇರುವಾಗ ಅದು ಖಾಲಿ ಜಾಗ ಹೇಗಾಗುತ್ತದೆ ಎಂದಳು. ಪುಸ್ತಕಗಳು ಈಗ ಎಲ್ಲಿವೆ ಎಂದು ಕೇಳಿದಳು. ಆಫೀಸಿನಲ್ಲಿ ವಿಚಾರಿಸಿದ್ದೆ. ಶುಕ್ರವಾರವೇ ರದ್ದಿಯವನ ಟೆಂಪೋ ಬಂದು ಒಯ್ದಿತ್ತು, ಊರಂಚಿನ ಕಾತ್ರಜದ ಆಚೆ ಅವನ ಗೋದಾಮು. ಅವನ ಫೋನು ಮಾತ್ರ ಹತ್ತುತ್ತಿರಲಿಲ್ಲ. ಮಂಗಳವಾರ ಇಡೀ ದಿನವೂ ಹತ್ತಲಿಲ್ಲ.

ಬುಧವಾರ ಬೆಳಿಗ್ಗೆ ನಾನು ಸ್ವಾರಗೇಟದಲ್ಲಿ ಬಸ್ಸಿಗೆ ನಿಂತಿದ್ದಾಗ ಅವಳೂ ಬಂದಳು. ಬರಬೇಡ ಎಂದಿದ್ದೆ. ಲ್ಯಾಪ್‌ಟಾಪಿನ ಚೀಲ ಬೆನ್ನಿಗಿತ್ತು, ಮನೆಯಿಂದಲೇ ಕೆಲಸ ಎಂದು ಕಂಪನಿಗೆ ಹೇಳಿದ್ದಳಂತೆ. ಬಸ್ಸಿನಲ್ಲಿ ಸೀಟು ಸಿಕ್ಕಿತು. ಅವಳು ಒಂದು ಬಿಸ್ಕಿಟ್ ಪೊಟ್ಟಣ ಒಡೆದು ನನ್ನ ಕೈಗಿಟ್ಟಳು, ತಿನ್ನಲಾಗಲಿಲ್ಲ, ಹಿಡಿದುಕೊಂಡು ಕೂತೆ.

“ಸಿಗ್ಲಿಲ್ಲ ಅಂದ್ರೆ ಅವ್ರಿಗೆ ಏನ್ ಹೇಳ್ತೀರ?” ಎಂದು ಕೇಳಿದಳು.

ಸೋಮವಾರದಿಂದ ನಾನು ಅದೊಂದನ್ನೇ ಯೋಚಿಸುತ್ತಿದ್ದೆ. ಗೊತ್ತಿಲ್ಲ ಎಂದೆ. ಬಿಸ್ಕಿಟ್ ವಾಪಸು ತೆಗೆದುಕೊಂಡು ತಾನೇ ತಿಂದಳು.

ಗೋದಾಮು ಹೆದ್ದಾರಿಯಿಂದ ಒಳಗೆ, ತಗಡಿನ ದೊಡ್ಡ ಚಪ್ಪರ. ಒಂದು ಕಡೆ ಪೇಪರಿನ ಗಂಟುಗಳು, ಒಂದು ಕಡೆ ಡಬ್ಬಗಳ ರಟ್ಟು, ಒಂದು ಕಡೆ ಬಿಳಿ ಕಾಗದ. ಯಜಮಾನ ಬಾಗಿಲಲ್ಲೇ ಕೂತು ಚಹಾ ಕುಡಿಯುತ್ತಿದ್ದ. ನಾನು ಮರಾಠಿಯಲ್ಲಿ ಕಾಲೇಜಿನ ಹೆಸರು ಹೇಳಿದೆ. ಆ ಮಾಲು ಹೋಗಿರಬೇಕು, ಇವತ್ತು ಬೆಳಿಗ್ಗೆ ಮಿಲ್ಲಿಗೆ ಒಂದು ಟೆಂಪೋ ಹೋಯಿತಲ್ಲ ಎಂದ. ಅಷ್ಟು ಹೇಳಿ ಮತ್ತೆ ಕಪ್ಪು ಎತ್ತಿದ.

ಅಲ್ಲಿದ್ದ ಒಂದು ಗಂಟಿನ ಮೇಲೆ ಕೂತೆ. ಇಂಜಿನಿಯರ್ ಬಗ್ಗಿ, “ಮೇಡಮ್, ನೀರು ಬೇಕಾ?” ಎಂದಳು. ನಾನು, ಒಳಗ ಹೋಗಿ ಒಮ್ಮೆ ನೋಡೂಣು, ಎಂದೆ. ನಮ್ಮ ಕನ್ನಡ ಕೇಳಿ ಒಳಗಿನಿಂದ ಒಬ್ಬಾಕೆ ಎದ್ದು ಬಂದಳು. ಸೀರೆಯ ಮೇಲೆ ಗಂಡಸರ ಅಂಗಿ ಹಾಕಿಕೊಂಡಿದ್ದಳು, ಕೈಯಲ್ಲಿ ಚೂರಿ. ಯಾವೂರು ಎಂದು ಕೇಳಿದಳು. ಧಾರವಾಡ ಎಂದೆ. ತಾನು ಇಂಡಿ ಕಡೆಯವಳು ಎಂದಳು. ಕಾಗದ ಬೇರೆ ಮಾಡುವುದು ಅವಳ ಕೆಲಸ. ದಪ್ಪ ಪುಸ್ತಕ, ನಾಲ್ಕುನೂರರಷ್ಟು, ಶುಕ್ರವಾರ ಬಂದವು ಎಂದು ಹೇಳಿದೆ.

“ರಟ್ಟಿನ ಪುಸ್ತಕಾನ್ರಿ? ಹಿಂದ ಅದಾವು. ರಟ್ಟು, ರೆಕ್ಸಿನ್ನು, ಅಂಟು ಇದ್ದದ್ದು ಮಿಲ್ಲಿನ್ಯಾರು ಕಾಗದದ ಕೂಡ ತಗೊಳಂಗಿಲ್ರಿ. ಕೈಲೆ ಹರೀಬೇಕು. ಬ್ಯಾಸರದ ಕೆಲಸಾ ಅಂತ ಕಡೀಕ್ ಇಟ್ಟೇನಿ.”

ಫ್ರಾನ್ಸಿನಿಂದ ಬರುವ ಪುಸ್ತಕಗಳಿಗೆ ಸಾಮಾನ್ಯವಾಗಿ ತೆಳು ಕಾಗದದ ಹೊದಿಕೆ ಇರುತ್ತದೆ. ನಮ್ಮ ಗ್ರಂಥಾಲಯದಲ್ಲಿ ಅಂಥವು ಬಾಳಿಕೆ ಬರುವುದಿಲ್ಲವೆಂದು ಎಲ್ಲವನ್ನೂ ಬೈಂಡರ್ ಹತ್ತಿರ ಕಳಿಸಿ ಗಟ್ಟಿ ರಟ್ಟು ಹಾಕಿಸುತ್ತೇವೆ. ಕರಪತ್ರ, ವರದಿ ಎಲ್ಲ ಮಿಲ್ಲಿಗೆ ಹೋಗಿದ್ದವು. ಬಾಯಾರ ಪುಸ್ತಕಗಳು ಚಪ್ಪರದ ಹಿಂಭಾಗದಲ್ಲಿ, ಹಗ್ಗ ಬಿಚ್ಚದ ಕಟ್ಟುಗಳಲ್ಲಿ, ಗೋಡೆಗೆ ಒತ್ತಿ ಕೂತಿದ್ದವು. ಮೆರೂನ್ ಬಣ್ಣದ ಬೆನ್ನುಗಳ ಮೇಲೆ ನನ್ನ ಕೈಬರಹದ ಚೀಟಿಗಳು.

ಆಗ ನಾನು ಅಳಲಿಲ್ಲ. ಎಣಿಸಲು ಶುರುಮಾಡಿದೆ. ಇಂಜಿನಿಯರ್ ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ನಾನು ಸಂಖ್ಯೆ ಹೇಳುವುದು, ಅವಳು ಗುರುತು ಹಾಕುವುದು. ನೂರು ದಾಟಿತು, ಇನ್ನೂರು ದಾಟಿತು. ನಾಲ್ಕುನೂರ ಒಂದಕ್ಕೆ ಎಣಿಕೆ ನಿಂತಿತು. ಹನ್ನೊಂದು ಕಡಿಮೆ.

ನಿನ್ನೆ ಸಂಜೆ ಒಂದು ಕಟ್ಟು ಬಿಚ್ಚಿದೆ ಎಂದು ಆಕೆ ಒಪ್ಪಿಕೊಂಡಳು. ಹನ್ನೊಂದು ಪುಸ್ತಕದ ರಟ್ಟು ಹರಿದಿದ್ದಳು. ಬಿಳಿ ಕಾಗದದ ಗೋಣಿಯನ್ನು ಮೂವರೂ ನೆಲಕ್ಕೆ ಸುರಿದು ಹುಡುಕಿದೆವು. ಎಂಟರ ಪುಟಗಳು ಹೊಲಿಗೆ ಬಿಡದೆ ಸಿಕ್ಕವು. ಮೂರು ಸಿಗಲಿಲ್ಲ. ಬೆಳಗಿನ ಟೆಂಪೋದಲ್ಲಿ ಹೋಗಿದ್ದವು.

“ಇದರಾಗ ಪೆನ್ಸಿಲ್ಲಿಲೆ ನಮ್ಮ ಅಕ್ಷರ ಬರದಿದ್ರು,” ಎಂದಳು ಆಕೆ. “ನನಗ ಓದಾಕ ಬರಂಗಿಲ್ಲ. ಆದ್ರ ನಮ್ಮವು ಅಂತ ಗೊತ್ತಾತು.”

“ನೋಡಿದ್ರ್ಯಾ?”

“ನೋಡಿದೆ.”

“ನೋಡಿ?”

“ನೋಡಿ ಹರದೆ. ಕೆಲಸಾ ಅಲ್ರಿ ಯಕ್ಕಾ.”

ಅವಳು ತಪ್ಪು ಹೇಳಿಕೊಳ್ಳುವ ಧಾಟಿಯಲ್ಲಿ ಹೇಳಲಿಲ್ಲ, ನನಗೂ ಹಾಗೆ ಕೇಳಿಸಲಿಲ್ಲ. ಅವಳು ಹರಿಯುವ ಮೊದಲು ಒಮ್ಮೆಯಾದರೂ ಪುಟ ತೆರೆದು ನೋಡಿದ್ದಳು. ಹದಿನಾಲ್ಕು ಸಹಿ ಹಾಕಿದವಳು ಅದನ್ನೂ ಮಾಡಿರಲಿಲ್ಲ.

ಮಾಲು ತಿರುಗಿ ಕೊಡಲು ಯಜಮಾನನಿಗೆ ಕಾಲೇಜಿನ ಮೊಹರು ಇರುವ ಪತ್ರ ಬೇಕಾಗಿತ್ತು. ಇಂಜಿನಿಯರ್ ಅಲ್ಲೇ ಪತ್ರ ಬರೆದು ಆಫೀಸಿಗೆ ಕಳಿಸಿದಳು, ಒಂದು ತಾಸಿನಲ್ಲಿ ಸಹಿಯಾಗಿ ಫೋನಿಗೆ ಬಂತು. ಮಧ್ಯಾಹ್ನ ಅವನದೇ ಟೆಂಪೋದಲ್ಲಿ ಪುಸ್ತಕಗಳ ಜೊತೆ ಹಿಂದಿರುಗಿದೆವು. ಡ್ರೈವರ್ ಪಕ್ಕದ ಸೀಟಿನಲ್ಲಿ ಇಬ್ಬರೂ ಒತ್ತಿಕೊಂಡು ಕೂತಿದ್ದೆವು. ಕಾತ್ರಜ ದಾಟುವಾಗ ನನಗೆ ಒಮ್ಮೆಲೇ ಹಸಿವಾಯಿತು. ಎರಡು ದಿನದಿಂದ ಸರಿಯಾಗಿ ಉಂಡಿಲ್ಲ ಎಂದು ಆಗ ನೆನಪಾಯಿತು. ಟೆಂಪೋ ನಿಲ್ಲಿಸಿ ವಡಾಪಾವ್ ತಿಂದೆವು. ನಾನು ಮೂರು ತಿಂದೆ. ಇಂಜಿನಿಯರ್ ನಾಲ್ಕನೆಯದನ್ನು ಮುಂದೆ ಹಿಡಿದಳು.

ಗುರುವಾರ ಬೆಳಗಿನ ಹೊತ್ತಿಗೆ ನಾಲ್ಕೂ ಕಪಾಟು ಮತ್ತೆ ತುಂಬಿದ್ದವು. ನಮ್ಮ ಮುಖ್ಯಸ್ಥರು ನನ್ನನ್ನು ಕರೆದು, ಹೆಚ್ಚುಕಡಿಮೆ ಎಲ್ಲ ಮರಳಿ ಬಂದಿವೆಯಲ್ಲ, ಇನ್ನು ಅವರಿಗೆ ಹೇಳಿ ವಯಸ್ಸಾದವರನ್ನು ನೋಯಿಸುವುದೇಕೆ ಎಂದರು. ಅದು ಕರುಣೆಯ ಮಾತೇ ಆಗಿತ್ತು. ನಾಲ್ಕುನೂರ ಹನ್ನೆರಡರಲ್ಲಿ ಮೂರು ಇಲ್ಲವೆಂದು ಬಾಯಾರಿಗೆ ತಿಳಿಯಲು ತಿಂಗಳುಗಳು ಬೇಕು, ತಿಳಿದರೂ ಎಲ್ಲೋ ತಪ್ಪಿ ಹೋಗಿರಬೇಕು ಎಂದುಕೊಳ್ಳುತ್ತಾರೆ. ನಾನೂ ಅರ್ಧ ಒಪ್ಪಿದ್ದೆ.

ಬಾಯಾರು ಹತ್ತೂವರೆಗೆ ಬಂದರು. ಕೈಯಲ್ಲಿ ಖಾಲಿ ಚೀಟಿಗಳ ಕಟ್ಟು, ಒಂದು ದೊಡ್ಡ ಭೂತಗನ್ನಡಿ. ಕೆಳಮನೆಯ ಮೇಜಿಗೆ ಅವರನ್ನು ಕೂರಿಸಿ ಮೊದಲ ಪುಸ್ತಕ ತಂದುಕೊಟ್ಟೆ. ಅವರು ಅದನ್ನು ಮೂಗಿನ ಹತ್ತಿರ ಹಿಡಿದು, ಧೂಳು ಭಾಳ ಅದ ಎಂದು ಸೀರೆಯ ಸೆರಗಿನಿಂದ ಒರೆಸಿದರು. ಗೋದಾಮಿನ ಧೂಳು. ನನಗೆ ಸುಮ್ಮನಿರಲಾಗಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಎರಡು ಸಂಕೇತ, ನೋಡದ ಕಡತ, ಖಾಲಿ ಕಪಾಟು, ಕಾತ್ರಜ, ಹರಿದ ರಟ್ಟು, ಸಿಗದ ಮೂರು.

“ಪಟ್ಟಿಗೆ ಸಹಿ ಯಾರದು?” ಎಂದರು ಕೊನೆಗೆ.

“ನಂದ್ರಿ ಬಾಯಾರ.”

ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟರು. ನನ್ನ ಕಡೆ ನೋಡಲಿಲ್ಲ, ಕಪಾಟುಗಳ ಕಡೆ ನೋಡಿದರು. ಅವರ ಕಣ್ಣಿಗೆ ಅವು ಬರೀ ಮೆರೂನ್ ಬಣ್ಣದ ಪಟ್ಟೆಗಳಾಗಿ ಕಂಡಿರಬೇಕು.

“ಪುಸ್ತಕದ ಮೂಲಿ ಮಡಚಬ್ಯಾಡ್ರಿ ಬಾಯಾರ, ಮಡಚಬ್ಯಾಡ್ರಿ ಅಂತ ನನಗ ವರ್ಷಾನುಗಟ್ಟಲೆ ಶಾಣ್ಯಾತನ ಹೇಳಿದಾಕಿ ನೀ. ಈಗ ನಾಕನೂರು ಪುಸ್ತಕಾ ಕಾತ್ರಜಕ್ಕ ಹವಾ ತಿನ್ಲಿಕ್ಕೆ ಕಳಿಸಿದಿ. ಧಾರವಾಡದಾಕಿ.”

ನಾನು ಆಗ ಅತ್ತೆ. ಅವರು ನನ್ನನ್ನು ಅಳಲು ಬಿಟ್ಟರು. ಆಮೇಲೆ ಕುರ್ಚಿ ತೋರಿಸಿ, ಕೂಡು, ನನಗ ಒಂದಽ ಕಣ್ಣದ, ನಿಂದೂ ಬೇಕು, ಎಂದರು.

ಅಂದಿನಿಂದ ವಾರಕ್ಕೆ ಮೂರು ದಿನ ಅವರು ಬಂದರು. ಸಂಕೇತ ತಿದ್ದಲು ಒಂದು ಆದೇಶ ಸಾಕು, ಎರಡು ಸೆಕೆಂಡಿನ ಕೆಲಸ ಎಂದು ಇಂಜಿನಿಯರ್ ಹೇಳಿದಳು. ನಾನು ಬೇಡ ಎಂದೆ. ಬಾಯಾರು ಒಂದು ಪುಸ್ತಕದ ಅಂಚುಗಳನ್ನು ಓದುತ್ತಾರೆ, ಕಣ್ಣಿಗೆ ದಣಿವಾದಾಗ ನಾನು ಓದಿ ಹೇಳುತ್ತೇನೆ, ಚೀಟಿಗಳಾಗುತ್ತವೆ. ಮುಗಿದ ಪುಸ್ತಕ ಮೇಜಿನ ಈಚೆಗೆ ಬರುತ್ತದೆ. ನಾನು ದಾಖಲೆ ತೆರೆದು, ಪುಸ್ತಕ ಕೈಯಲ್ಲಿಟ್ಟುಕೊಂಡು, ಯು-ಎನ್-ಡಿ ಇದ್ದಲ್ಲಿ ಎಫ್-ಆರ್-ಇ ಎಂದು ಬರೆಯುತ್ತೇನೆ. ಕೆಳಗೆ ಇನ್ನೊಂದು ಸಾಲು ಸೇರಿಸುತ್ತೇನೆ: ಈ ಪ್ರತಿಯ ಅಂಚುಗಳಲ್ಲಿ ಪೆನ್ಸಿಲ್‌ನಿಂದ ಕನ್ನಡ ಟಿಪ್ಪಣಿಗಳಿವೆ. ಹನ್ನೆರಡು ವರ್ಷದ ಹಿಂದೆಯೇ ಆ ಸಾಲು ಬರೆಯಬೇಕಿತ್ತು. ಫ್ರೆಂಚರ ಭಾಷೆಗೆ ಅವರು ಕರೆಯುವ ಹೆಸರನ್ನೇ ಇಡಬೇಕೆಂದು ಹೊರಟೆ ಎಂದು ಬಾಯಾರಿಗೆ ಹೇಳಿದಾಗ ಅವರು ನಕ್ಕು, ಮರ್ಯಾದಿ ಮಾಡ್ಲಿಕ್ಕೆ ಹೋಗಿ ಮನಿ ಬಿಡಿಸಿದಿ, ಎಂದರು.

ಚಳಿಗಾಲ ಮುಗಿದು ಬೇಸಿಗೆಯೂ ಕಳೆಯಿತು. ಸಿಗದ ಮೂರು ಪುಸ್ತಕಗಳ ಸರದಿ ಕೊನೆಗೆ ಬಂತು. ಹಳೆಯ ದಾಖಲೆಯಿಂದ ಹೆಸರು ಓದಿ ಹೇಳಿದೆ. ಎರಡು ಶಾಲೆಯ ಪಾಠಪುಸ್ತಕಗಳು. ಅವುಗಳಲ್ಲಿ ತಾವು ಏನೂ ಬರೆದಿರಲಿಲ್ಲ, ಹೋಗಲಿ ಎಂದರು. ಮೂರನೆಯದು ಬಂಡಿ ಮತ್ತು ಗಾಲಿ ಮಾಡುವವರ ಕಸುಬಿನ ಪುಸ್ತಕ. ಆ ಹೆಸರನ್ನು ಇನ್ನೊಮ್ಮೆ ಓದಿಸಿದರು. ಮದುವೆಗೆ ಮುಂಚೆ, ಬೆಳಗಾವಿ ಹತ್ತಿರದ ಅಜ್ಜಿಯ ಊರಿನಲ್ಲಿ, ಬಡಿಗ್ಯಾರ ಮನೆಯ ಕಟ್ಟೆಯ ಮೇಲೆ ಕೂತು ಕೇಳಿ ಕೇಳಿ ಬರೆದುಕೊಂಡದ್ದಂತೆ.

“ನೆನಪಿದ್ದಷ್ಟು ಹೇಳ್ತೀನಿ, ಬರಕೋ,” ಎಂದು ಕಣ್ಣು ಮುಚ್ಚಿದರು. ಜೂಗ್, ನೊಗ. ಎಸ್ಯೋ, ಅಚ್ಚು. ತಿಮೋಂ, ಮೂಕಿ. ರಯೋಂ, ಅರ. ಒಂದರ ಹಿಂದೆ ಒಂದು ಬಂದವು, ನನ್ನ ಕೈ ಅವರ ಬಾಯಿಗೆ ಸರಿಯಾಗಿ ಓಡಲಿಲ್ಲ. ಇಪ್ಪತ್ತಾರು ಚೀಟಿಗಳಾದವು. ಇಪ್ಪತ್ತೇಳನೆಯದಕ್ಕೆ ಅವರು ನಿಂತರು. ಜಾಂತ್. ಗಾಲಿಯ ಹೊರಸುತ್ತಿನಲ್ಲಿ ಅರಗಳ ತುದಿ ಹೋಗಿ ಕೂರುವ ಬಾಗಿದ ಕಟ್ಟಿಗೆಯ ತುಂಡು. ಕೈಯಿಂದ ಗಾಳಿಯಲ್ಲಿ ಅದರ ಬಾಗು ತೋರಿಸಿದರು. ಶಬ್ದ ಬರಲಿಲ್ಲ.

“ಬಾಯಾಗಽ ಅದ. ಬರವಲ್ದು.”

ನನಗೂ ಗೊತ್ತಿರಲಿಲ್ಲ. ನಾಲ್ಕು ನಿಮಿಷ ಕಾದೆವು. ಕೊನೆಗೆ, ಜಾಂತ್ ಅಂತ ಬರದು ಮುಂದ ಜಾಗಾ ಬಿಡು ಎಂದರು. ಹಾಗೇ ಬರೆದೆ.

ಎರಡು ದಿನ ಬಿಟ್ಟು ಅವರ ಫೋನ್ ಬಂತು. ಬೆಳಗಾವಿಯಲ್ಲಿರುವ ತಮ್ಮನನ್ನು ಕೇಳಿದ್ದರಂತೆ, ಅವನಿಗೂ ಆ ಶಬ್ದ ಗೊತ್ತಿಲ್ಲ, ಆದರೆ ಆ ಬಡಿಗ್ಯಾರ ಮೊಮ್ಮಗ ಇನ್ನೂ ಅಜ್ಜಿಯ ಊರಲ್ಲೇ ಇದ್ದಾನೆ, ಈಗ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ, ಅವನ ಮನೆಯಲ್ಲಿ ಒಂದು ಹಳೆಯ ಗಾಲಿ ಇದೆಯಂತೆ. ಮುಂದಿನ ಶನಿವಾರ ಬೆಳಗಿನ ಬಸ್ಸು ನೋಡಿಟ್ಟಿದ್ದರು.

“ಒಬ್ಬಾಕಿನಽ ಹೋದ್ರ ಬರಕೊಳ್ಳೋರು ಯಾರು? ಬರ್ತೀ ಏನು?”

ಬರ್ತೀನ್ರಿ ಎಂದೆ. ಫೋನು ಇಟ್ಟು ರಜೆಯ ಅರ್ಜಿ ತೆಗೆದುಕೊಂಡೆ. ಕಾರಣ ಎಂದಿರುವಲ್ಲಿ ಏನು ಬರೆಯುವುದೆಂದು ಸ್ವಲ್ಪ ಹೊತ್ತು ಯೋಚಿಸಿ, ‘ಗ್ರಂಥಾಲಯದ ಕೆಲಸ’ ಎಂದು ಬರೆದು, ಒಮ್ಮೆ ಪೂರ್ತಿ ಓದಿ ನೋಡಿ, ಸಹಿ ಹಾಕಿದೆ.